ಹನ್ನೊಂದು ಬಾಗಿಲು

ಜೋಗೇಶ್ವರಿ,
೧೯ ಫೆಬ್ರವರಿ ೧೯೬೯

ಪ್ರಿಯ ವನಮಾಲಾ,

‘ದೀಪ ಹಚ್ಚಿದ ಮನೆಯೇ ಮೊದಲು ಕಣ್ಣಿಗೆ ಬೀಳುವುದು’ ಎಂದೋ ಏನೋ ಒಂದು ಸಾಲು. ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ನೀನೇ ಬರೆದದ್ದಲ್ಲವೇ? ಅದು ಸ್ವಾಗತದ ಮಾತೆಂದು ಇಷ್ಟು ವರ್ಷ ನಂಬಿದ್ದೆ. ಈಗ ಅನುಮಾನ. ಯಾರ ಕಣ್ಣಿಗೆ?

ನಿನ್ನ ಎರಡು ಕಾಗದಗಳಿಗೂ ಉತ್ತರಿಸಲಿಲ್ಲ, ಬೇಜಾರಾಗಬೇಡ. ನಾವು ಕ್ಷೇಮ. ಕನ್ನಡದವರ ಮೇಲಿನ ಗಲಾಟೆ ನಿಂತಿದೆ ಎನ್ನುತ್ತಾರೆ. ಆದರೂ ಲೋಕಲ್ ರೈಲಿನಲ್ಲಿ ಇವರೂ ನಾನೂ ಮಾತಾಡುವುದಿಲ್ಲ.

ಹೋದ ವರ್ಷ ಶಾಲೆ ಮುಗಿಸಿ ಚಾಳು ಚಾಳು ಸುತ್ತಿ, ನಮ್ಮ ಕನ್ನಡ ಸಂಘಕ್ಕಾಗಿ ಇಲ್ಲಿರುವ ಕನ್ನಡದವರ ಹೆಸರು, ವಿಳಾಸ ಬರೆದುಕೊಂಡೆನಲ್ಲ, ಅದು ಪುಸ್ತಕವಾಯಿತು. “ವಿಳಾಸ ಇಂಗ್ಲಿಷಿನಲ್ಲೂ ಇರಲಿ, ಅಂಚೆಯವನಿಗೆ ಅನುಕೂಲ” ಎಂದವಳೂ ನಾನೇ. ಕೆಳಮನೆಯ ಗುರುಬಾಯಿ ಗುಲ್ಬರ್ಗದ ಕಡೆಯವಳು, ಇಟ್ಟಿಗೆ ಹೊರುತ್ತಾಳೆ. ತನ್ನ ಹೆಸರಿಗೆ ಕುಂಕುಮ ಹಚ್ಚಿ, “ಅಕ್ಕೋರ, ಈಗ ನಾವೂ ಈ ಊರಾಗ ಇದ್ದೀವಂತ ಆಯ್ತು ನೋಡ್ರಿ” ಎಂದು ನಕ್ಕಿದ್ದಳು. ಅವಳಿಗೆ ಅಕ್ಷರ ಕಲಿಸುತ್ತಿದ್ದೇನೆ.

ಮೊನ್ನೆ ಭಾನುವಾರ ಐದಾರು ಜನ ಬಂದರು. ಕೈಯಲ್ಲಿ ಆ ಪುಸ್ತಕ. ಒಬ್ಬ ಓದುತ್ತಿದ್ದ, ಇನ್ನೊಬ್ಬ ಬಾಗಿಲಿಗೆ ಡಾಂಬರಿನ ಗುರುತು ಹಾಕುತ್ತಿದ್ದ. ಬೈಗುಳವಿಲ್ಲ, ಕೂಗಾಟವಿಲ್ಲ, ಮೀಟರ್ ನೋಡಲು ಬಂದವರ ಹಾಗೆ. ಹನ್ನೊಂದು ಬಾಗಿಲು.

“ಗುರುತು ಮಾಡಿದ್ದು ಯಾಕೆ ಟೀಚರೇ? ವಾಪಸ್ ಬರ್ಲಿಕ್ಕೆ ಅಲ್ವಾ?” ಎಂದ ಎದುರುಮನೆಯ ದೂಜ. ಮರುದಿನವೇ ಹೆಂಡತಿ ಮಕ್ಕಳನ್ನು ಮಂಗಳೂರಿನ ಬಸ್ಸಿಗೆ ಹತ್ತಿಸಿದ. ಗುರುಬಾಯಿ ಸೀಮೆಎಣ್ಣೆ ಹಾಕಿ ಉಜ್ಜಿದಳು. ಗುರುತು ಹೋಗಲಿಲ್ಲ, ಇನ್ನಷ್ಟು ಹರಡಿತು.

ಕನ್ನಡ ಪುಸ್ತಕಗಳನ್ನೆಲ್ಲ ಟ್ರಂಕಿಗೆ ತುಂಬು ಎನ್ನುತ್ತಾರೆ ಇವರು. ಮಗಳು ಅಂಗಳದಿಂದ ನನ್ನನ್ನು ಮರಾಠಿ ಮಕ್ಕಳ ಹಾಗೆ ‘ಆಯೀ’ ಎಂದು ಕೂಗುತ್ತಾಳೆ. ನಾನೂ ಓಗೊಡುತ್ತೇನೆ.

ನಿನ್ನ ಮಕ್ಕಳಿಗೆ ಆಶೀರ್ವಾದ. ಬೀದಿಯಲ್ಲಿ ನಿಂತು ಜೋರಾಗಿ ಜಗಳವಾಡಲಿ, ಕನ್ನಡದಲ್ಲಿ.

ನಿನ್ನ
ಕೌಸಲ್ಯಾ

ತಾ.ಕ.: ನಮ್ಮ ಬಾಗಿಲಿಗೆ ಗುರುತಿಲ್ಲ. ಹೊರಗಿನವರನ್ನು ಓಡಿಸಬೇಕೆಂಬ ಮಾತು ಹೋದ ವರ್ಷವೇ ಅಲ್ಲಿ ಇಲ್ಲಿ ಕೇಳಿಬರುತ್ತಿತ್ತು. ಪುಸ್ತಕ ಪ್ರೆಸ್ಸಿಗೆ ಕೊಡುವ ಹಿಂದಿನ ದಿನ ನಮ್ಮ ಹೆಸರು, ವಿಳಾಸವಿದ್ದ ಸಾಲನ್ನು ಹೊಡೆದುಹಾಕಿದೆ. ಇವರಿಗೂ ಹೇಳಿಲ್ಲ. ಉಳಿದವರ ವಿಷಯ ಆಗ ತೋಚಲಿಲ್ಲ ಎಂದು ಬರೆಯಲು ಹೊರಟಿದ್ದೆ, ವನಮಾಲಾ. ತೋಚಿತ್ತು.

ಇವತ್ತು ಬೆಳಿಗ್ಗೆ ಗುರುಬಾಯಿ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ. ಹೊಸ್ತಿಲಾಚೆ ನಿಂತು, ಪುಸ್ತಕ ನನ್ನ ಮುಂದೆ ಹಿಡಿದಳು.

“ಅಕ್ಕೋರ, ಪೂರಾ ನಾನೇ ಓದೀನ್ರಿ, ಒಂದಕ್ಷರ ಬಿಟ್ಟಿಲ್ಲ. ನಿಮ್ಮ ಹೆಸರು ಎಲ್ಲೈತಿ, ತೋರಸ್ರಿ.”