ಹಳದಿ ಬಾಲದ ರಬ್ಬರ್ ಎರೆ

ಏಪ್ರಿಲ್ 9, ಬೆಳಿಗ್ಗೆ

ಗಾಳದ ಎರೆಗೆ ಅಂಗಡಿಯಿಂದ ಎರಡು ಡಜನ್ ಜೀವಂತ ಮರಿಮೀನು. ಮೂರು ವರ್ಷದಿಂದ ಅಂಗಡಿಯದೇ, ಮೊಣಕಾಲು ಕೈಕೊಟ್ಟು ಹೊಂಡಕ್ಕಿಳಿದು ಮರಿ ಹಿಡಿಯಲಾಗದಾಗಿನಿಂದ. ಡಾಗ್‌ವುಡ್ ಮರ ಹೂ ಬಿಟ್ಟಿದೆ, ಕ್ರಾಪಿ ಮೀನು ದಡಕ್ಕೆ ಬರುವ ಹೊತ್ತು. ತೇಲುವ ಬೆಂಡಿನ ಕೆಳಗೆ ಗಾಳವನ್ನು ಎರಡೇ ಅಡಿ ಬಿಟ್ಟೆ. ಕ್ರಾಪಿ ಮೇಲಕ್ಕೆ ನೋಡುವ ಮೀನು. ಎರೆ ತಲೆಯ ಮೇಲಿರಬೇಕು. ಈ ಹೊಂಡ ತೋಡಿಸಿದ ಅಪ್ಪ ಕಲಿಸಿದ್ದು.

ಮೂರು ಗಂಟೆ ಕೂತೆ. ಒಂದೂ ಇಲ್ಲ. ನೀರಿಗೆ ಹಾಲು ಹಾಕಿದ ಕಾಫಿಯ ಬಣ್ಣ. ಮೇ ಮೊದಲ ಶನಿವಾರ ಅಪ್ಪನ ಹೆಸರಿನ ಮೀನೂಟ, ಮೀನು ಇದೇ ಹೊಂಡದ್ದಾಗಬೇಕು. "ಹೊಂಡ ಕಾಪಾಡು" ಅಂದೇ ಕಣ್ಣು ಮುಚ್ಚಿದ ಅಪ್ಪ.

ಉಳಿದ ಮರಿಗಳನ್ನು ನೀರಿಗೇ ಸುರಿದು ಬಂದೆ. ಅಪ್ಪನೂ ಹಾಗೇ ಮಾಡುತ್ತಿದ್ದ.

ಏಪ್ರಿಲ್ 12

ಲೋವೆಲ್ ಬಂದಿದ್ದ. ತಂಗಿ ಇಮೊಜೀನ್ ಈ ಗಂಡನಲ್ಲಿ ಏನು ಕಂಡಳೋ! ಓಹಾಯೊ ಕಡೆಯವನು, ಕೆಂಟಕಿಯ ಹೊಂಡ ಅವನಿಗೇನು ಗೊತ್ತು. ಗಾಳದ ಪೆಟ್ಟಿಗೆ ತೆರೆದರೆ ಮಣಿಸರದ ಅಂಗಡಿ. ಎಲ್ಲಾ ನಕಲಿ ಎರೆ: ಗುಲಾಬಿ, ನೇರಳೆ, ಮಿಂಚುಪುಡಿ, ರಬ್ಬರ್ ಬಾಲ... ಥೂ. ಒಂದೊಂದನ್ನೂ ನೀರಿಗದ್ದಿ ಕಣ್ಣು ಕಿರಿದು ಮಾಡಿ ನೋಡುತ್ತಾನೆ.

"ನೀರು ಕದಡಿದೆ ಭಾವ. ಕಣ್ಣಿಗೆ ಹೊಡೆಯೋ ಬಣ್ಣಾನೇ ಬೇಕು."

"ಮೀನಿಗೇನು ಮದುವೆ ಮಾಡ್ತಿದ್ದೀಯೇನಪ್ಪಾ?"

ನಕ್ಕ. ಬೈದರೂ ತಿಳಿಯದ ಪ್ರಾಣಿ. ಹಳದಿ ಬಾಲದ್ದು ಕಟ್ಟಿ ನಾಲ್ಕು ಹಿಡಿದ. ಅದೃಷ್ಟ, ಇನ್ನೇನು.

ಹೊರಡುವಾಗ ಉಳಿದ ಮರಿಗಳ ಬಕೆಟ್ ಸುರಿಯುತ್ತಿದ್ದೆ. "ಅದನ್ನ ಯಾಕೆ ಹೊಂಡಕ್ಕೆ ಹಾಕ್ತೀರಾ ಭಾವ? ಅದರಲ್ಲಿ ಏನೇನು ಮರಿ ಇರುತ್ತೋ."

ನನಗೆ ಹೇಳಿಕೊಡಲು ಬಂದ!

ಏಪ್ರಿಲ್ 13

ಗೊತ್ತಾಯಿತು. ಅವನ ರಬ್ಬರೇ. ಅವನು ಬರತೊಡಗಿ ಎರಡು ವರ್ಷ, ನೀರು ಕೆಟ್ಟೂ ಎರಡು ವರ್ಷ. ಫೋನ್ ಮಾಡಿ ಹೇಳಿಬಿಟ್ಟೆ — ನಿನ್ನ ಬಣ್ಣದ ಕಸ ನಮ್ಮಪ್ಪನ ಹೊಂಡ ಹಾಳು ಮಾಡಿದೆ, ಇನ್ನು ಇತ್ತ ಕಾಲಿಡಬೇಡ.

"ಆಯ್ತು ಭಾವ" ಅಂದ. ಅಷ್ಟೇ. ಇಮೊಜೀನ್ ಫೋನ್ ಕಿತ್ತುಕೊಂಡಳು. "ಅವರನ್ನ ಬೇಡ ಅಂದ ಊಟಕ್ಕೆ ನಾನೂ ಬರಲ್ಲ ಅಣ್ಣ."

ಬರದಿದ್ದರೆ ಬಿಡಲಿ.

ಏಪ್ರಿಲ್ 28

ಮರಿಮೀನು ಹಾಕಿದೆ. ಎರೆಹುಳು ಹಾಕಿದೆ. ಹದಿನೈದು ದಿನಕ್ಕೆ ಏಳು ಕ್ರಾಪಿ. ಯಾರಿಗೆ ಬಡಿಸಲಿ?

ಮೀನುಗಾರಿಕೆ ಕಚೇರಿಗೆ ದೂರು ಕೊಟ್ಟಿದ್ದೆ, ಬಂದು ನೋಡುತ್ತಾರಂತೆ. ರಬ್ಬರಿನ ವಿಷ ಅಂತ ಬರೆದುಕೊಟ್ಟರೆ ಸಾಕು, ಆ ಕಾಗದವನ್ನು ಲೋವೆಲ್‌ನ ಮುಖಕ್ಕೆ ಹಿಡಿಯುತ್ತೇನೆ.

ಏಪ್ರಿಲ್ 30, ಮಧ್ಯಾಹ್ನ

ಕಚೇರಿಯ ಹೆಂಗಸು ಬಲೆ ಎಳೆದಳು. ಬಲೆ ತುಂಬ ದಪ್ಪ ಕಂದು ಮೀನು. ಕಾರ್ಪ್. ತಳದ ಕೆಸರು ಕೆದಕಿ ಕೆದಕಿ ನೀರು ಕದಡಿದ್ದು ಇವೇ ಅಂತೆ.

"ಯಾವ ತೊರೆಯೂ ಸೇರದ ಹೊಂಡ. ಇವು ಹೇಗೆ ಬಂದ್ವು?" ಜೋರು ಮಾಡಿದೆ.

"ಯಾರೋ ಎರೆ ಬಕೆಟ್ ಸುರಿದಿದ್ದಾರೆ ಸರ್. ಮರಿಯಾಗಿದ್ದಾಗ ಎಲ್ಲಾ ಒಂದೇ ಥರ ಕಾಣ್ತವೆ. ಈಗ ಹೊಂಡ ಬತ್ತಿಸಬೇಕು. ಕ್ರಾಪೀನೂ ಹೋಗುತ್ತೆ. ಇಲ್ಲಿ ಹಾಗೆ ಸುರಿಯೋರು ಯಾರಾದ್ರೂ ಇದ್ದಾರಾ?"

ಅಪ್ಪ ಸುರಿಯುತ್ತಿದ್ದುದು ಇದೇ ಹೊಂಡದಲ್ಲಿ ಹಿಡಿದ ಮರಿ. ನಾನು ಸುರಿದದ್ದು ಅಂಗಡಿಯದು.

"ತಂಗಿ ಗಂಡ ಬರ್ತಿದ್ದ" ಅಂದೆ. ಅಂದೇಬಿಟ್ಟೆ! ಅವಳು ಹೆಸರು ಕೇಳಿ ಬರೆದುಕೊಂಡಳು. ಥೂ, ನನ್ನ ಜನ್ಮಕ್ಕಿಷ್ಟು.

ಅದೇ ದಿನ, ನಾಲ್ಕು ಗಂಟೆ

ಫೋನ್ ಮಾಡಿದೆ. ಲೋವೆಲ್ಲೇ ಎತ್ತಿದ.

"ಹೇಳಿ ಭಾವ. ಊಟಕ್ಕೆ ಮೀನು ಸಿಕ್ತಾ? ಇಲ್ಲಾಂದ್ರೆ ಆ ಹಳದಿ ಬಾಲದ್ದು ಕಳಿಸ್ಲಾ?"

"ಒಂದ್ನಿಮಿಷ, ಇಡಬೇಡ" ಅಂದೆ. ಫೋನು ಮೇಜಿನ ಮೇಲಿದೆ. ನಾನು ಇಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಹೇಡಿ. "ಭಾವ? ಇದ್ದೀರಾ?" ಅನ್ನುತ್ತಿದ್ದಾನೆ. ಇನ್ನೂ ಇಟ್ಟಿಲ್ಲ. ಈಗ ಎತ್ತಿಕೊಂಡು ಹೇಳಿಬಿಡುತ್ತೇನೆ, ಬಕೆಟ್ ಸುರಿದವನು ನಾನೇ ಅಂತ.