ಮೊನ್ನೆಯೋ ನಾಡಿದ್ದೋ

ನವೆಂಬರ್ 10, 2008. ಸೋಮವಾರ

"ಫೈಸಲಾ ಪರ್ಸೋಂ..." ಕೇಳಿಸಿದ್ದು ಇಷ್ಟೇ. ಲಿಫ್ಟಿನ ಬಾಗಿಲು ಮುಚ್ಚಿತು. ಕ್ರಿಯಾಪದ ಒಳಗೇ ಉಳಿಯಿತು, ಗೋಪಿನಾಥರ ಜೊತೆ. ಕಂಪನಿಯ ಮುಖ್ಯಸ್ಥರು. ಇಂಗ್ಲಿಷಿನಲ್ಲಿ ಏನೂ ಹೇಳುವುದಿಲ್ಲ, ಹಿಂದಿಯಲ್ಲಿ ಅರ್ಧ ಹೇಳುತ್ತಾರೆ. ನಾನು ಅವರಿಗೆ ಹಾಕಿದ್ದ ಪ್ರಶ್ನೆ — ಅಮೆರಿಕದ ಕ್ಲೈಂಟ್ ಬಿಟ್ಟುಹೋಯಿತಲ್ಲ, ನನ್ನ ಟೀಮ್ ಉಳಿಯುತ್ತದೆಯೇ?

ಹಿಂದಿಯ ಪರ್ಸೋಂ ಎರಡೂ ಕಡೆ ನೋಡುತ್ತದೆ. ನಿರ್ಧಾರ ಮೊನ್ನೆ ಆಯಿತೋ, ನಾಡಿದ್ದು ಆಗುತ್ತದೋ. ಮುಖ ನೋಡಿದ್ದರೆ ತಿಳಿಯುತ್ತಿತ್ತೇನೋ. ನೋಡುತ್ತಿದ್ದದ್ದು ಬಾಗಿಲನ್ನು.

ಅದೇ ದಿನ, ಸಂಜೆ

ಸುಮತಿ ಕ್ಯಾಬಿನ್‌ಗೆ ಬಂದಳು. ರಾಯಚೂರಿನವಳು. ಟೀಮಿನಲ್ಲಿ ನನ್ನ ಜೊತೆ ಕನ್ನಡ ಆಡುವವಳು ಅವಳೊಬ್ಬಳೇ. ಬೆಂಗಳೂರಿನ ಕಂಪನಿಯೊಂದು ಕೆಲಸ ಕೊಟ್ಟಿದೆ, ನಾಳೆಯೊಳಗೆ ಉತ್ತರ ಬೇಕಂತೆ. ಗಂಡ ದುಡಿಯುವ ಫ್ಯಾಕ್ಟರಿ ಇದೇ ಊರಿನ ನಾಚಾರಂನಲ್ಲಿ. ಹೋದರೆ ಅವನಿಲ್ಲಿ, ಇವಳಲ್ಲಿ.

"ಗೋಪಿನಾಥ ಸರ್ ಏನಂದ್ರರಿ?"

"ಪರ್ಸೋಂ ಅಂದ್ರು."

"ಅಯ್ಯ, ಕನ್ನಡದಾಗ ಹೇಳ್ರಿ ಸರ್. ಮೊನ್ನೆನೋ ನಾಡಿದ್ದೋ?"

ನಗುತ್ತಿದ್ದಳು. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಮಾತು, ನಡುವೆ ನಿಲ್ಲಲು ಜಾಗವಿಲ್ಲ. ಗೊತ್ತಿಲ್ಲ ಅನ್ನುವುದೂ ಕನ್ನಡವೇ... ಆಗ ಹೊಳೆಯಲಿಲ್ಲ.

"ನಾಡಿದ್ದು" ಅಂದೆ.

"ಹಂಗಾರ ಇನ್ನೂ ಏನೂ ಆಗಿಲ್ಲ. ನೀವು ಹೇಳೀರಿ ಅಂದ್ಮ್ಯಾಲ ಇರ್ತೀನಿ ಬಿಡ್ರಿ. ನಮ್ಮನಿಯವ್ರೂ ಆರಾಮ ನಿದ್ದಿ ಮಾಡ್ತಾರ."

ನವೆಂಬರ್ 12

ನಾಡಿದ್ದು ಬಂತು. ಗೋಪಿನಾಥರು ಬರಲಿಲ್ಲ. ಫೋನ್ ಆಫ್. ಗಾಜಿನಾಚೆಯಿಂದ ಟೀಮಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಎದ್ದು ಹೋಗಿ ನನಗೂ ತಿಳಿದಿಲ್ಲ ಅನ್ನಬಹುದಿತ್ತು. ಸ್ಕ್ರೀನ್ ನೋಡುತ್ತ ಕೂತೆ.

ನವೆಂಬರ್ 17

ಟೀಮ್ ಮುಚ್ಚಿದರು. ಮೇಲ್ ಬಂತು, ಎರಡು ಸಾಲು. ಎಚ್.ಆರ್. ಸಾವಿತ್ರಿಯನ್ನು ಕೇಳಿದೆ — ಯಾವಾಗ ಆಯಿತು ಇದು?

"ಎನಿಮಿದೋ ತಾರೀಖುನೇ ಅಯಿಪೋಯಿಂದಿ ಕದಾ ಸಾರ್. ಮೀಕು ತೆಲೀದಾ?"

ಎಂಟರಂದೇ ಮುಗಿದಿತ್ತಂತೆ, ನನಗೆ ಗೊತ್ತಿಲ್ಲವೇ ಅಂತ. ಎಂಟು, ಶನಿವಾರ. ಸೋಮವಾರಕ್ಕೆ ಮೊನ್ನೆ. ಆ ದಿನ ಆಫೀಸಿನಲ್ಲೇ ಇದ್ದೆ, ಯಾರದೋ ಹುಟ್ಟುಹಬ್ಬದ ಕೇಕ್ ತಿನ್ನುತ್ತ.

ಬೆಂಗಳೂರಿನವರು ಬೇರೆಯವರನ್ನು ತೆಗೆದುಕೊಂಡಾಗಿದೆ. ಸುಮತಿ ಐಡಿ ಕಾರ್ಡ್ ಮೇಜಿನ ಮೇಲಿಟ್ಟಳು. ಬೈಯಲಿಲ್ಲ. ಏನಾದರೂ ಅನ್ನಬೇಕಲ್ಲ ಎಂದು —

"ರಿಲೀವಿಂಗ್ ಲೆಟರ್‌ಗೆ ಯಾವಾಗ ಬರ್ತೀಯಮ್ಮ?"

"ಪರ್ಸೋಂ ರೀ ಸರ್."

ಈ ಸಲ ನಗಲಿಲ್ಲ.

ನವೆಂಬರ್ 21

ಲೆಟರ್ ನನ್ನ ಡ್ರಾಯರಿನಲ್ಲೇ ಇದೆ. ಸಂಜೆವರೆಗೆ ಲಿಫ್ಟಿನ ಕಡೆ ಕಿವಿಯಿಟ್ಟಿದ್ದೆ. ಪರ್ಸೋಂ ಅಂದೆಯಲ್ಲ ಸುಮತಿ, ಮೊನ್ನೆಯೋ, ನಾಡಿ...