ಅಪ್ಪನ ಕ್ಲಾರಿನೆಟ್ಟಿಗೆ ಬೆಳ್ಳಿ ಲೇಪ

ತಮ್ಮಾ,

ನೀನಿನ್ನೂ ಮಲಗಿದ್ದೆ, ಎಬ್ಬಿಸಲಿಲ್ಲ. ನಾನು ಡ್ಯೂಟಿಗೆ ಹೊರಟೆ.

ಅಪ್ಪನ ಕ್ಲಾರಿನೆಟ್ಟಿನಲ್ಲಿ ಬೆರಳಿಂದ ಒತ್ತುವ ಕೀಗಳೆಲ್ಲ ಬೆಳ್ಳಿ ಲೇಪ ಹಾಕಿಸಿಕೊಂಡು ನಿನ್ನೆ ಬಂದವು. ಅಪ್ಪ ಹಾಲ್‌ನಲ್ಲಿರುವ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅವನ್ನು ಹರಡಿಕೊಂಡಿದ್ದಾರೆ. ಫ್ಯಾನ್ ಹಾಕಬೇಡ, ಕೀಗಳ ಅಡಿಗೆ ಅಂಟಿಸುವ ಕಾರ್ಕಿನ ಚೂರುಗಳು ಹಾರಿಹೋಗುತ್ತವೆ.

ಲೇಪ ಹಾಕಿದವನು "ನಾನೇ ಜೋಡಿಸಿ ಕೊಡ್ಲಾ ಅಕ್ಕ?" ಎಂದು ಕೇಳಿದ್ದ. "ಊರವರ ವಾದ್ಯಾನೆಲ್ಲ ರಿಪೇರಿ ಮಾಡಿದೋರು ನಮ್ಮಪ್ಪ" ಎಂದು ಜಂಬ ಕೊಚ್ಚಿಕೊಂಡು ಬಿಡಿಬಿಡಿಯಾಗಿಯೇ ತಂದೆ. ಈಗ ನೋಡಿದರೆ, ಬೆಳಗಿನಿಂದ ಒಂದೇ ಕೀಯನ್ನು ತಿರುಗಿಸುತ್ತಾ ಕೂತಿದ್ದಾರೆ. ಅದು ಎಲ್ಲಿ ಕೂರಬೇಕೆಂದು ಹೊಳೆಯುತ್ತಿಲ್ಲ. ಕೈ ಹಾಕಲು ಹೋದರೆ, "ಸುಮ್ನಿರಮ್ಮಾ, ನಿಂಗೇನು ಗೊತ್ತು?" ಎಂದು ಗದರಿದರು. ನೀನೂ ಮೊಬೈಲಿನಲ್ಲಿ ಚಿತ್ರ ಹುಡುಕಿ ಜಾಣತನ ತೋರಿಸಬೇಡ ಮಾರಾಯ.

ಊಟ ಮುಚ್ಚಿಟ್ಟಿದ್ದೇನೆ. ಅವರು ಕೂತಲ್ಲಿಗೇ ಕೊಡು. ಮೇಜು ಖಾಲಿ ಮಾಡಿ ಎನ್ನಬೇಡ.

ಮುಂದೇನು ಮಾಡಬೇಕೋ ನನಗೂ ತೋಚುತ್ತಿಲ್ಲ. ಈಗ ತಾನೇ ತಲೆ ಎತ್ತಿ, "ಇದು ಯಾರ್ದಮ್ಮಾ? ಯಾವಾಗ ಬರ್ತಾರಂತೆ ತಗೊಂಡು ಹೋಗೋಕೆ?" ಎಂದು ಕೇಳಿದರು. ನಿಮ್ಮದೇ ಅಪ್ಪಾ ಎನ್ನಲಿಲ್ಲ. ಅವರಿಗೇನೂ ಅವಸರ ಇಲ್ವಂತೆ ಎಂದೆ.

ಕೇಳಿದರೆ ನೀನೂ ಹಾಗೇ ಹೇಳು.

— ಅಕ್ಕ